ನಲವತ್ತೇಳರ ಮುಂದಿನ ಪುಟ

ಹತ್ತು ಗಂಟೆಗೆ ವಿಚಾರಣೆಗೆ ಹಾಜರಾಗತಕ್ಕದ್ದೆಂದು ಪತ್ರದಲ್ಲಿ ಬರೆದಿತ್ತು. ಅಜ್ಜನೂ ಮೊಮ್ಮಗಳೂ ಒಂಬತ್ತಕ್ಕೇ ಬಂದು ಪರೀಕ್ಷಾ ವಿಭಾಗದ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದರು. ಮಡಿಸಿ ಬಿಚ್ಚಿ, ಬಿಚ್ಚಿ ಮಡಿಸಿ, ಆ ಪತ್ರದ ಕಾಗದ ಮಡಿಕೆಯ ಗೆರೆಯಲ್ಲಿ ಬಟ್ಟೆಯಂತೆ ಮೆತ್ತಗಾಗಿತ್ತು. ಅವಳಿಗೆ ಅದನ್ನು ಓದುವ ಅಗತ್ಯವೇನೂ ಉಳಿದಿರಲಿಲ್ಲ. ಎರಡನೆಯ ಓದಿಗೇ ಅದು ಬಾಯಿಪಾಠವಾಗಿತ್ತು. ಜರ್ಮನ್ ಭಾಷೆ ಮತ್ತು ಸಂಸ್ಕೃತಿ ವಿಷಯದ ಎರಡನೆಯ ವರ್ಷದ ಪರೀಕ್ಷೆಯಲ್ಲಿ ನಾಲ್ಕನೆಯ ಪ್ರಶ್ನೆಗೆ ಬರೆದ ಉತ್ತರವು ಪಠ್ಯಪುಸ್ತಕದ ನಾಲ್ಕು ಪುಟಗಳೊಡನೆ ಅಕ್ಷರಶಃ ಹೊಂದಿಕೆಯಾಗಿರುವುದರಿಂದ, ನಕಲು ಸಾಬೀತಾದಲ್ಲಿ ಎರಡು ವರ್ಷ ಪರೀಕ್ಷೆಗಳಿಂದ ಹೊರಗಿಡಲಾಗುವುದು.

"ನಕಲು ಮಾಡಿಲ್ಲ ತಾನೇ?" ಎಂದರು ಅಜ್ಜ.

"ಇಲ್ಲಜ್ಜ. ನಾಲ್ಕನೇ ಸಲ ಕೇಳ್ತಿದ್ದೀರಿ."

"ಐದನೇದು. ಬೆಳಿಗ್ಗೆ ನೀನು ಮುಖ ತೊಳೀತಿದ್ದಾಗ ಬಾಗಿಲಾಚೆಯಿಂದ ಒಂದು ಸಲ ಕೇಳಿದ್ದೆ. ಉತ್ತರ ಬರ್ಲಿಲ್ಲ."

"ಅಮ್ಮನಿಗೆ ಕೇಳಿಸಿದ್ರೆ?"

"ನಿಮ್ಮಮ್ಮನಿಗೆ ಲೈಬ್ರರಿಗೆ ಹೋಗ್ತಿದ್ದೀವಿ ಅಂತ ಹೇಳಿಯಾಗಿದೆ. ಎಪ್ಪತ್ತೆರಡು ವರ್ಷ ಕಾಪಾಡಿಕೊಂಡು ಬಂದ ನಾಲಿಗೆ, ನಿನ್ನ ಜರ್ಮನ್‌ಗೋಸ್ಕರ ಇವತ್ತು ಸುಳ್ಳು ಹೇಳ್ತು."

ಅವಳು ನಗಲು ಯತ್ನಿಸಿದಳು.

ಅಜ್ಜ ಮೂವತ್ತೈದು ವರ್ಷ ಶಾಲೆಯಲ್ಲಿ ಹಳೆಯ ಕಾವ್ಯವನ್ನು ಬೋಧಿಸಿದವರು. ಸಾವಿರಾರು ಪದ್ಯಗಳು ಅವರ ಕಂಠದಲ್ಲಿ ನೆಲೆಸಿದ್ದವು. ಮೊದಲು ಮಾತು ನಾಲಿಗೆಯ ಮೇಲೆ ಕುಳಿತುಕೊಳ್ಳಲಿ, ಅರ್ಥ ಅದರ ಹಿಂದೆಯೇ ತಾನಾಗಿ ಬರುತ್ತದೆ ಎಂಬುದು ಅವರ ದೃಢವಾದ ನಂಬಿಕೆ. ಜಗತ್ತಿನ ಯಾವ ಭಾಷೆಯೂ ಈ ನಿಯಮವನ್ನು ಮೀರದೆಂದು ತಿಳಿದಿದ್ದ ಅವರು, ತಮಗೆ ಒಂದು ಪದವೂ ಅರ್ಥವಾಗದ ಜರ್ಮನ್ನನ್ನೂ ಅದೇ ಕ್ರಮದಲ್ಲಿ ಮೊಮ್ಮಗಳಿಗೆ ಕಲಿಸಿದ್ದರು. ಪ್ರತಿ ಸಂಜೆ ಮಹಡಿಯ ಮೇಲೆ ಅವಳು ನೀರಿನ ತೊಟ್ಟಿಯಿಂದ ಮೆಟ್ಟಿಲಿನವರೆಗೆ ಒಂಬತ್ತು ಹೆಜ್ಜೆ ನಡೆದು, ತಿರುಗಿ, ಮತ್ತೆ ಒಂಬತ್ತು ಹೆಜ್ಜೆ ನಡೆಯುತ್ತ ಒಪ್ಪಿಸುತ್ತಿದ್ದಳು. ಅಜ್ಜ ಪಾಠದ ಜೆರಾಕ್ಸ್ ಪ್ರತಿಯನ್ನು ತೊಡೆಯ ಮೇಲಿಟ್ಟುಕೊಂಡು, ಸಾಲುಗಳ ಕೆಳಗೆ ಬೆರಳು ಸರಿಸುತ್ತ, ಎಲ್ಲಾದರೂ ತಪ್ಪಿದರೆ ಚಿಟಿಕೆ ಹೊಡೆಯುತ್ತಿದ್ದರು. ಪರೀಕ್ಷೆಗೆ ಮುಂಚಿನ ಒಂದು ವಾರದಲ್ಲಿ ಚಿಟಿಕೆಯ ಸದ್ದು ಒಮ್ಮೆಯೂ ಕೇಳಿರಲಿಲ್ಲ.

ಬಾಗಿಲು ತೆರೆಯಿತು. ಅಜ್ಜನ ತುಟಿಗಳು ದೇವರ ನಾಮವನ್ನು ಜಪಿಸತೊಡಗಿದವು. ಅವಳು ಒಳಗೆ ಹೋದಳು.

ಉದ್ದನೆಯ ಮೇಜಿನ ಆಚೆ ಸಮಿತಿಯ ಅಧ್ಯಕ್ಷರು, ಅವರ ಪಕ್ಕದಲ್ಲಿ ಜರ್ಮನ್ ವಿಭಾಗದ ಪ್ರಾಧ್ಯಾಪಕಿ. ಮೇಜಿನ ಮೇಲೆ ಅವಳ ಉತ್ತರಪತ್ರಿಕೆ. ಅದರ ಮಗ್ಗುಲಲ್ಲಿ ನೀಲಿ ರಟ್ಟಿನ ಪಠ್ಯಪುಸ್ತಕ. ಗ್ರಂಥಾಲಯದಲ್ಲಿ ಒಂದೇ ಪ್ರತಿಯಿದ್ದ ಆ ಪುಸ್ತಕವನ್ನು ಅವಳು ಒಂದು ದಿನದ ಮಟ್ಟಿಗೆ ಎರವಲು ತಂದು, ಜೆರಾಕ್ಸ್ ಮಾಡಿಸಿ ಹಿಂತಿರುಗಿಸಿದ್ದಳು. ಮತ್ತೆ ಅದನ್ನು ಕಂಡದ್ದು ಈಗಲೇ.

"ಕೂತ್ಕೊಳ್ಳಮ್ಮ," ಎಂದರು ಅಧ್ಯಕ್ಷರು. "ಚೀಟಿ ಎಲ್ಲಿಟ್ಟಿದ್ದೆ, ಅಷ್ಟು ಹೇಳ್ಬಿಡು. ಒಪ್ಪಿಕೊಂಡ್ರೆ ಎರಡು ವರ್ಷ ಒಂದಾಗಬಹುದು."

"ಚೀಟಿ ಇರಲಿಲ್ಲ ಸರ್. ಬಾಯಿಪಾಠ ಮಾಡಿದ್ದೆ."

"ನಾಲ್ಕು ಪುಟ? ಒಂದಕ್ಷರ ಆಚೀಚೆ ಆಗದ ಹಾಗೆ? ನನಗೆ ನನ್ನ ಮನೆಯವಳ ಫೋನ್ ನಂಬರ್ ನೆನಪಿರಲ್ಲ!"

ಪ್ರಾಧ್ಯಾಪಕಿ ನಗಲಿಲ್ಲ. ಪುಸ್ತಕವನ್ನು ತೆರೆದು ಅವಳತ್ತ ತಿರುಗಿಸಿದರು. "ಭಾನುವಾರದ ಮೌನ ಅನ್ನೋ ಪಾಠ. ಜರ್ಮನಿಯಲ್ಲಿ ಆ ದಿನ ಸದ್ದು ಮಾಡೋ ಹಾಗಿಲ್ಲ ಅನ್ನೋದರ ಬಗ್ಗೆ. ನೀನು ನಲವತ್ತೇಳನೇ ಪುಟದ ಕೊನೇ ಸಾಲು ಬರೆದು, ನೇರವಾಗಿ ಐವತ್ತನೇ ಪುಟದ ಮೊದಲ ಸಾಲಿಗೆ ಹೋಗಿದ್ದೀಯ. ನಡುವಿನ ಎರಡು ಪುಟ ಇಲ್ಲ. ನೀನು ಬರೆದ ವಾಕ್ಯ ಏನು ಹೇಳುತ್ತೆ ಗೊತ್ತಾ? ಓದಿ ಅರ್ಥ ಹೇಳು."

ಅವಳು ತನ್ನದೇ ಅಕ್ಷರಗಳ ಮೇಲೆ ಬಗ್ಗಿದಳು. ಎರಡು ತಿಂಗಳು ಪ್ರತಿ ಸಂಜೆ ನಿರರ್ಗಳವಾಗಿ ಹರಿದಿದ್ದ ಆ ವಾಕ್ಯದ ಅರ್ಥವನ್ನು ಅವಳು ನಿಂತು ನೋಡಿದ್ದು ಅದೇ ಮೊದಲು.

"ಭಾನುವಾರದ ದಿನ ನೆರೆಮನೆಯವರು ಗೋಡೆ ಕೊರೆಯುವ ಯಂತ್ರಕ್ಕೆ..." ಅವಳ ಧ್ವನಿ ಇಳಿಯಿತು. "...ಸಂಜೆ ನೀರು ಹಾಕಿ, ಸುತ್ತ ಬೆಳೆದ ಕಳೆ ಕೀಳ್ತಾರೆ."

ಅಧ್ಯಕ್ಷರು ಕೆಮ್ಮಿದರು. "ಯಂತ್ರ ಚೆನ್ನಾಗಿ ಬೆಳೆದಿರ್ಬೇಕು."

"ಬಾಯಿಪಾಠ ಮಾಡೋರು ಇಲ್ಲಾದ್ರೂ ಎಡವ್ತಾರೆ," ಎಂದರು ಪ್ರಾಧ್ಯಾಪಕಿ. "ಕಣ್ಣಿಟ್ಟು ಚೀಟಿಯಿಂದ ಇಳಿಸೋರು ಮಾತ್ರ ಎಡವಲ್ಲ. ನನಗೆ ಅನುಮಾನ ಬಂದಿದ್ದೇ ಇಲ್ಲಿ."

ಜೆರಾಕ್ಸ್ ಅಂಗಡಿಯವನು ಒಂದು ಹಾಳೆ ತಿರುವುವಾಗ ಎರಡು ತಿರುವಿದ್ದನೆಂಬುದು ಅವಳಿಗೆ ಆ ಕ್ಷಣ ಹೊಳೆಯಿತು. ಆದರೆ ತಿರುವಿದವನ ತಪ್ಪು ಒಂದು ಗಳಿಗೆಯದು. ತನ್ನದು ಎರಡು ತಿಂಗಳದು. ಇನ್ನೆರಡು ವರ್ಷ ಏನೆಂದು ಹೇಳಿ ಮನೆಯಿಂದ ಹೊರಡುವುದು? ರಾತ್ರಿಪಾಳಿ ಮುಗಿಸಿ ಆಸ್ಪತ್ರೆಯಿಂದ ಬರುವ ಅಪ್ಪನ ಮುಖವನ್ನು ಹೇಗೆ ನೋಡುವುದು?

"ಸರ್, ಈಗಲೇ ಒಪ್ಪಿಸ್ತೀನಿ. ಆದ್ರೆ..." ಅವಳು ಎದ್ದು ನಿಂತಳು. "ನಡೀತಾ ಹೇಳ್ಬಹುದಾ? ಕೂತ್ರೆ ಬರಲ್ಲ."

ಅಧ್ಯಕ್ಷರು ಪ್ರಾಧ್ಯಾಪಕಿಯತ್ತ ನೋಡಿ, "ನಡಿಯಮ್ಮ, ನೆಲ ಎಲ್ಲರದ್ದೂ," ಎಂದರು.

ಬೀರುವಿನಿಂದ ಕಿಟಕಿಗೆ ಏಳೇ ಹೆಜ್ಜೆಯಿತ್ತು. ಮಹಡಿಯ ಲೆಕ್ಕಕ್ಕೆ ಎರಡು ಕಡಿಮೆ. ಅವಳು ಹೆಜ್ಜೆಗಳನ್ನು ಕಿರಿದುಗೊಳಿಸಿ ಒಂಬತ್ತನ್ನು ತುಂಬಿಸಿಕೊಂಡು ಆರಂಭಿಸಿದಳು. ಪ್ರಾಧ್ಯಾಪಕಿಯ ಬೆರಳು ಪುಸ್ತಕದ ಸಾಲುಗಳ ಕೆಳಗೆ ಸರಿಯತೊಡಗಿತು, ಅಜ್ಜನ ಬೆರಳಿನಂತೆಯೇ. ನಲವತ್ತಾರು ಮುಗಿಯಿತು. ನಲವತ್ತೇಳರ ಕೊನೆ ಹತ್ತಿರವಾದಂತೆ ಅವಳ ಹೆಜ್ಜೆ ನಿಧಾನವಾಯಿತು. ಆ ವಾಕ್ಯವನ್ನು ಈಗ ತಿದ್ದಿ ಹೇಳಿದರೆ ನಕಲಿನ ಆರೋಪ ಹಾಗೇ ಉಳಿಯುತ್ತದೆ. ಹಾಗೆಯೇ ಹೇಳಿದರೆ ಎರಡು ತಿಂಗಳ ಮೌಢ್ಯ ತನ್ನ ಬಾಯಿಂದಲೇ ಸಾಬೀತಾಗುತ್ತದೆ. ಕಿಟಕಿಯ ಬಳಿ ತಿರುಗಿ, ಕಿವಿ ಬಿಸಿಯಾಗುತ್ತಿರಲು, ಅವಳು ಯಂತ್ರಕ್ಕೆ ನೀರು ಹಾಕಿದಳು, ಕಳೆಯನ್ನೂ ಕಿತ್ತಳು, ಉಸಿರು ಕಡಿಯದೆ ಐವತ್ತನ್ನು ದಾಟಿ ಐವತ್ತೊಂದರ ಕೊನೆಯ ಪೂರ್ಣವಿರಾಮದಲ್ಲಿ ನಿಂತಳು.



"ನನ್ನ ಮಟ್ಟಿಗೆ ಮುಗೀತು," ಎಂದು ಅಧ್ಯಕ್ಷರು ಪೆನ್ನಿನ ಮುಚ್ಚಳ ಹಾಕಿದರು. "ಇದು ನಕಲಲ್ಲ. ಇದು ಇನ್ನೇನೋ."

"ನನಗೆ ಮುಗಿದಿಲ್ಲ," ಎಂದರು ಪ್ರಾಧ್ಯಾಪಕಿ. ಪುಸ್ತಕವನ್ನು ಮುಚ್ಚಿ ಅದರ ಮೇಲೆ ಕೈಯಿಟ್ಟರು. "ನೀನು ಈ ನಾಲ್ಕು ಪುಟ ಚೀಟಿ ಇಲ್ಲದೆ ಬರೆದೆ, ಒಪ್ಪಿದೆ. ಆದ್ರೆ ಓದಿದ್ದೀಯಾ ಅನ್ನೋದು ಬೇರೆ ಪ್ರಶ್ನೆ. ಕೊರೆಯೋ ಯಂತ್ರದಿಂದ ಐವತ್ತನೇ ಪುಟದ ತೋಟಕ್ಕೆ ಹೇಗೆ ಹೋಗೋದು? ಆ ಎರಡು ಪುಟದಲ್ಲಿ ಏನಿರಬಹುದು? ಜರ್ಮನ್‌ನಲ್ಲೇ ಹೇಳು. ತಪ್ಪಾದ್ರೆ ಆಗಲಿ."

ತಪ್ಪಾದರೆ ಆಗಲಿ ಎಂಬ ಮಾತನ್ನು ಅವಳಿಗೆ ಈವರೆಗೆ ಯಾರೂ ಹೇಳಿರಲಿಲ್ಲ. ಕಾಲುಗಳು ತಾವಾಗಿ ಹೆಜ್ಜೆಯೆತ್ತಿದವು. ಆದರೆ ನಡೆಯಲು ಸಾಲುಗಳಿರಲಿಲ್ಲ. ಅವಳು ನಿಂತಳು. ಕಂಠಸ್ಥವಾಗಿದ್ದುದೆಲ್ಲ ಸಾಲಾಗಿ ನಿಂತು ಕೈಚೆಲ್ಲಿತು. ಗೋಡೆಯ ಗಡಿಯಾರ ಅರ್ಧ ನಿಮಿಷವನ್ನು ಎಣಿಸಿತು.

ಭಾನುವಾರ ಗೋಡೆ ಕೊರೆಯಬಾರದು. ಏಕೆ? ಗೋಡೆಯ ಆಚೆ ಯಾರೋ ಇದ್ದಾರೆ. ಅವಳಿಗೆ ತಮ್ಮ ಮನೆಯ ಮಧ್ಯಾಹ್ನ ನೆನಪಾಯಿತು: ಹಳೆಯ ಕಾಲುಚೀಲ ತೊಡಿಸಿದ ಕುರ್ಚಿಯ ಕಾಲುಗಳು, ತಂತಿ ಕಿತ್ತಿಟ್ಟ ಕರೆಗಂಟೆ, ತಟ್ಟೆಯನ್ನು ಮಲಗಿದ ಮಗುವಿನಂತೆ ಕೆಳಗಿಡುವ ಅಮ್ಮ.

"ನಮ್ಮ ಮನೆಯಲ್ಲಿ," ಎಂದು ಅವಳು ಜರ್ಮನ್‌ನಲ್ಲಿ ತೊಡಗಿದಳು. ಪದಗಳು ಒಂದೊಂದಾಗಿ, ಕತ್ತಲಲ್ಲಿ ಮೆಟ್ಟಿಲು ತಡವುವವರಂತೆ ಬಂದವು. "ನಮ್ಮ ಮನೆಯಲ್ಲಿ ದಿನವೂ ಭಾನುವಾರ. ನನ್ನ ತಂದೆ ರಾತ್ರಿ ದುಡಿಯುತ್ತಾರೆ, ಹಗಲು ಮಲಗುತ್ತಾರೆ. ನಾವು ಮೆಲ್ಲಗೆ ಮಾತಾಡುತ್ತೇವೆ. ಮೌನ ಒಳ್ಳೆಯದು, ಆದರೆ ಮೌನ... ಭಾರ. ಅದಕ್ಕೇ ನಾನೂ ಅಜ್ಜನೂ ಮಹಡಿಗೆ ಹೋಗುತ್ತೇವೆ. ಅಲ್ಲಿ ನಾಲ್ಕು ಕುಂಡಗಳಿವೆ. ಅವಕ್ಕೆ ನೀರು ಹಾಕುತ್ತ ಜೋರಾಗಿ ಮಾತಾಡಬಹುದು. ಜರ್ಮನರೂ ಹಾಗೆ... ಇನ್ನೊಬ್ಬರ ನಿದ್ದೆಗೆ ಮನೆ ಬಿಟ್ಟುಕೊಟ್ಟು, ತೋಟಕ್ಕೆ ಹೋಗಿರಬಹುದು."



"ಎಂಟು ತಪ್ಪು," ಎಂದರು ಪ್ರಾಧ್ಯಾಪಕಿ. "ಆ ಎರಡು ಪುಟದಲ್ಲಿ ಇದು ಯಾವುದೂ ಇಲ್ಲ. ಬರೀ ಕಾನೂನು, ಇಸವಿ." ನೀಲಿ ಪುಸ್ತಕವನ್ನು ಮೇಜಿನ ಮೇಲೆ ಅವಳತ್ತ ತಳ್ಳಿದರು. "ತಗೊಂಡು ಹೋಗು. ನಾಲ್ಕನೇ ಉತ್ತರಕ್ಕೆ ನಾನು ಕೊಟ್ಟ ಸೊನ್ನೆ ಸೊನ್ನೇನೇ, ಅದನ್ನ ಬದಲಾಯಿಸಲ್ಲ. ಉಳಿದದ್ದರಲ್ಲಿ ಪಾಸಾಗಿದ್ದೀಯ. ಶುಕ್ರವಾರ ಬಂದು ಇಡೀ ಪಾಠ ಹೇಳು. ಒಪ್ಪಿಸ್ಬೇಡ, ಹೇಳು."

ಹೊರಗೆ ಅಜ್ಜ ಎದ್ದು ನಿಂತರು. "ಏನಾಯ್ತು ಮಗೂ?"

"ನಕಲು ಅಲ್ಲ ಅಂದ್ರು. ಆದ್ರೆ ನಡುವೆ ಎರಡು ಪುಟ ಜೆರಾಕ್ಸ್ ಆಗಿರ್ಲಿಲ್ಲ ಅಜ್ಜ. ನಲವತ್ತೇಳಾದ ಮೇಲೆ ಐವತ್ತು. ನನಗೆ ಗೊತ್ತೇ ಆಗ್ಲಿಲ್ಲ."

ಅಜ್ಜ ಮತ್ತೆ ಕುಳಿತರು. ಅವರ ಬೆರಳು ಗಾಳಿಯಲ್ಲಿ ಇಲ್ಲದ ಒಂದು ಸಾಲನ್ನು ಹುಡುಕಿತು.

"ನನಗೆ ಗೊತ್ತಾಗಿತ್ತು," ಎಂದರು ಕೊನೆಗೆ. "ಅಂಕಿ ಹಾರಿದ್ದು ಮೊದಲ ದಿನವೇ ಕಂಡಿತ್ತು. ಅಷ್ಟು ಚೆನ್ನಾಗಿ ಹೇಳ್ತಿದ್ದೆ, ತಡೆಯೋಕೆ ಮನಸ್ಸಾಗ್ಲಿಲ್ಲ. ಅವರ ಪುಸ್ತಕ ಹಾಗೇ ಇರ್ಬೇಕು ಅಂದ್ಕೊಂಡೆ."

ಅವಳು ಅಜ್ಜನ ಪಕ್ಕದಲ್ಲಿ ಕುಳಿತು ಪುಸ್ತಕ ತೆರೆದು, ನಲವತ್ತೆಂಟನೆಯ ಪುಟವನ್ನು ಅವರ ತೊಡೆಯ ಮೇಲಿಟ್ಟಳು. ಅಭ್ಯಾಸಬಲದಿಂದ ಅಜ್ಜನ ಬೆರಳು ಮೊದಲ ಸಾಲಿನ ಕೆಳಗೆ ಬಂದು ನಿಂತಿತು.

"ಬೇಗ ಬೇಡ," ಎಂದರು ಅವರು. "ಒಂದೊಂದು ಸಾಲಿಗೂ ಅರ್ಥ ಹೇಳ್ತಾ ಹೋಗು. ನನಗೆ ಗೊತ್ತಾಗ್ದೇ ಇದ್ರೆ ಚಿಟಿಕೆ ಹೊಡೀತೀನಿ."