ಮುಂದಿನ ಸೀಟಿನ ತೂಕ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲೂ ಅದೇ ಆಯಿತು ನೋಡಿ. ಕಾಯಿಲೆ ಬಿದ್ದದ್ದು ಕಾರು, ಬರೆ ಬಿದ್ದದ್ದು ಟೈಲರಮ್ಮನಿಗೆ.

ಟೈಲರಮ್ಮನ ಗಂಡ ಲಾರಿ ತೂಗುವ ವೇಬ್ರಿಡ್ಜಿನಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಬೀದಿಗೆಲ್ಲ ಅವರು ತೂಕದ ಸಾಹೇಬರು. ಲೋಕದಲ್ಲಿ ಏನೇ ಕೆಟ್ಟರೂ ಅದಕ್ಕೆ ಕಾರಣ ಭಾರ ಅನ್ನುವುದು ಅವರ ಸಿದ್ಧಾಂತ. ಬಾಗಿಲು ಕಿರುಗುಟ್ಟಿದರೆ ಭಾರ, ಮಂಚ ಜಗ್ಗಿದರೆ ಭಾರ, ನಿದ್ದೆ ಬಾರದಿದ್ದರೆ ಹೊದಿಕೆ ಭಾರ. ಬೀಳ್ಕೊಡುವಾಗ ಕಚೇರಿಯವರು ಗೋಡೆ ಗಡಿಯಾರ ಕೊಡಲು ಬಂದರೆ, ಅದು ಬೇಡ ಎಂದು ಮೂಲೆಯಲ್ಲಿದ್ದ ಮೂಟೆ ತೂಗುವ ಹಳೇ ತಕ್ಕಡಿಯನ್ನು ಕೇಳಿ ತಂದಿದ್ದರು. ಅದೀಗ ನಡುಮನೆಯಲ್ಲಿ ಟಿವಿಯ ಪಕ್ಕದಲ್ಲೇ ನಿಂತಿತ್ತು.

ಇಂಥವರ ಕಾರು, ಲೀಟರಿಗೆ ಹದಿನಾರು ಕಿಲೋಮೀಟರ್ ಓಡುತ್ತಿದ್ದದ್ದು, ಇದ್ದಕ್ಕಿದ್ದಂತೆ ಹದಿಮೂರಕ್ಕೆ ಇಳಿಯಿತು. ಸಾಹೇಬರು ಮೊದಲು ಡಿಕ್ಕಿಯಲ್ಲಿದ್ದ ಛತ್ರಿ ತೆಗೆದರು. ಹನ್ನೆರಡಾಯಿತು. ಜಾಕ್ ತೆಗೆದರು, ಸ್ಟೆಪ್ನಿ ತೆಗೆದರು, ಕಾಲೊರೆಸುವ ಮ್ಯಾಟನ್ನೂ ಬಿಡಲಿಲ್ಲ. ಹನ್ನೊಂದಾಯಿತು. ಅಷ್ಟರಲ್ಲಿ ಕಾರಿನಿಂದ ತೆಗೆಯಲು ಉಳಿದದ್ದು ಎರಡೇ, ಎಂಜಿನ್ನು ಮತ್ತು ಹೆಂಡತಿ. ಎಂಜಿನ್ ತೆಗೆದರೆ ಕಾರು ಓಡುವುದಿಲ್ಲ ಎಂಬಷ್ಟು ತಿಳುವಳಿಕೆ ಸಾಹೇಬರಿಗೆ ಇತ್ತು.

“ತಪ್ಪು ತಿಳ್ಕೋಬೇಡ ಕಣೇ,” ಎಂದು ಶುರು ಮಾಡಿದರು ಒಂದು ಬೆಳಿಗ್ಗೆ, ನೋಟ್‌ಬುಕ್ ತೆರೆದು. “ನೀನು ಎಂಬತ್ತೆರಡು ಕೆಜಿ. ಅಮ್ಮ ಮೂವತ್ತೆಂಟು. ಮದುವೆಗೆ ನಾನು, ಅಮ್ಮ ಕಾರಲ್ಲಿ ಹೋಗ್ತೀವಿ. ನೀನು ಬಸ್ಸಲ್ಲಿ ಬಂದ್ಬಿಡು.”

ಮದುವೆ ಯಾರದ್ದು ಅಂತೀರಿ? ಟೈಲರಮ್ಮನ ಒಬ್ಬಳೇ ತಂಗಿಯದ್ದು! ಐವತ್ತೆರಡನೇ ವಯಸ್ಸಿಗೆ ಹಲ್ಲಿನ ಡಾಕ್ಟರೊಬ್ಬರು ಅವಳ ಮನಸ್ಸಿಗೆ ಬಂದಿದ್ದರು. ತಾಯಿ ತೀರಿಕೊಂಡಾಗ ಆರು ವರ್ಷದ ಕೂಸಾಗಿದ್ದ ತಂಗಿಗೆ ತಲೆ ಬಾಚಿ, ತುತ್ತು ತಿನ್ನಿಸಿ, ಹೊಲಿಗೆ ಯಂತ್ರ ತುಳಿದು ಓದಿಸಿದವಳು ಈ ಅಕ್ಕನೇ. “ನೀನು ಕೈ ಹಿಡಿದು ಕರ್ಕೊಂಡು ಹೋಗದಿದ್ರೆ ನಾನು ಹಾಲ್ ಒಳಗೆ ಕಾಲೇ ಇಡಲ್ಲ. ಬರ್ತೀಯಾ ತಾನೇ ಅಕ್ಕಾ?” ಎಂದು ತಂಗಿ ದಿನಾ ಫೋನು ಮಾಡುತ್ತಿದ್ದಳು.

ಅಂಥ ಮದುವೆಗೆ ಮೂರು ಬಸ್ಸು ಬದಲಾಯಿಸಿ, ಸಾಮಾನು ಚೀಲದ ಹಾಗೆ ಬೇರೆಯಾಗಿ ಬಂದು ಇಳಿಯಬೇಕೇ? ಟೈಲರಮ್ಮನಿಗೆ ಅಳು ಬಂತು. ಅಳುವಿಗಿಂತ ಜಾಸ್ತಿ ಸಿಟ್ಟು ಬಂತು. “ಹೋದ್ರೆ ಕಾರಿನ ಮುಂದಿನ ಸೀಟಲ್ಲಿ ಕೂತು ಹೋಗ್ತೀನಿ, ಇಲ್ದಿದ್ರೆ ನೀವೂ ಹೇಗೆ ಹೋಗ್ತೀರೋ ನೋಡ್ತೀನಿ!” ಎಂದಳು. ಸಾಹೇಬರು ಸ್ಪ್ಯಾನರ್ ಹುಡುಕಿದರು. ಸಂಜೆಯೊಳಗೆ ಆ ಮುಂದಿನ ಸೀಟೇ ಬಿಚ್ಚಿಕೊಂಡು ನಡುಮನೆಗೆ ಬಂದಿತ್ತು. ಅತ್ತೆ ಅದರಲ್ಲಿ ಕೂತು, ಒರಗುವ ಹಿಡಿ ಎಳೆದು, “ಆಹಾ, ಸೊಂಟಕ್ಕೆ ಹಿತವಾಗಿದೆ” ಎಂದರು. ಅತ್ತೆ ಒಳ್ಳೆಯವರೇ, ಆದರೆ ಸುಖ ಎಲ್ಲಿ ಸಿಕ್ಕರೂ ಬಿಡುವವರಲ್ಲ.

ಸಿಟ್ಟಿನ ಕೈಗೆ ಬುದ್ಧಿ ಕೊಟ್ಟ ಟೈಲರಮ್ಮ ಮೂರು ದಿನ ಬರೀ ಸೌತೆಕಾಯಿ ತಿಂದಳು. ನಾಲ್ಕನೇ ದಿನ ತಕ್ಕಡಿ ಎಂಬತ್ತೆರಡೂವರೆ ತೋರಿಸಿತು.

“ಸೌತೆಕಾಯಿಗೂ ತೂಕ ಇರುತ್ತಲ್ಲ,” ಎಂದರು ಸಾಹೇಬರು ಸಮಾಧಾನ ಮಾಡುವ ದನಿಯಲ್ಲಿ. ಆ ಕ್ಷಣ ಕತ್ತರಿ ಅವಳ ಕೈಗೆ ಸಿಗದೆ ಇದ್ದದ್ದು ಅವರ ಪುಣ್ಯ.

ತಂಗಿಯ ಮದುವೆ ಉಡುಪನ್ನು ಅಕ್ಕನೇ ಹೊಲಿಯುತ್ತಿದ್ದಳು. ಅದರೊಳಗೆ ಹಾಕುವ ಬಿಳಿ ಲೈನಿಂಗ್ ಬಟ್ಟೆಯನ್ನು ನೆನೆಸಿ, ಅಂಗಳದ ತಂತಿಯ ಮೇಲೆ ಕಾರಿನ ಹಿಂದೆ ಹರವಿದ್ದಳು. ಸಾಹೇಬರು ಕಾರು ಸ್ಟಾರ್ಟ್ ಮಾಡಿ ಪೇಪರ್ ತರಲು ಹೋಗಿ ಬಂದರು. ಟೈಲರಮ್ಮ ಬಂದು ನೋಡಿದರೆ ಬಟ್ಟೆಯ ಅಂಚಿಗೆಲ್ಲ ಕಪ್ಪು ಚುಕ್ಕೆ.

ಕಲೆಯ ವಿಷಯದಲ್ಲಿ ಟೈಲರಮ್ಮನಿಗೆ ಯಾರೂ ಪಾಠ ಹೇಳಬೇಕಿಲ್ಲ. ಯಂತ್ರದ ಎಣ್ಣೆಯ ಕಲೆ ಯಾವುದು, ಒಲೆಯ ಮಸಿ ಯಾವುದು ಎಂದು ಕಣ್ಣು ಮುಚ್ಚಿ ಹೇಳುತ್ತಾಳೆ. ಇದನ್ನು ಮೂಸಿದಳು. ಮಸಿಯೇ, ಆದರೆ ಪೆಟ್ರೋಲ್ ವಾಸನೆ! ಉರಿಯಬೇಕಾದ ಪೆಟ್ರೋಲು ಹೊಗೆಯಲ್ಲಿ ಯಾಕೆ ಬಂತು? ಬಟ್ಟೆ ಹೆಗಲಿಗೆ ಹಾಕಿಕೊಂಡು ನೇರ ಬೀದಿ ಕೊನೆಯ ಗ್ಯಾರೇಜಿಗೆ ನಡೆದಳು.

ಗ್ಯಾರೇಜಿನ ಮೇಸ್ತ್ರಿ ಬಟ್ಟೆ ನೋಡಿದ, ತಾನೂ ಮೂಸಿದ, ಕಾರಿನ ದೋಷ ಓದುವ ಒಂದು ಸಣ್ಣ ಸ್ಕ್ಯಾನರ್ ಹಿಡಿದು ಅವಳ ಜೊತೆಗೇ ಹೊರಟು ಬಂದ. ಸಾಹೇಬರು ಬಾಗಿಲಲ್ಲೇ ಅಡ್ಡ ನಿಂತು, “ಏನೂ ಕೆಟ್ಟಿಲ್ಲಪ್ಪ, ಬರೀ ಭಾರದ ಸಮಸ್ಯೆ” ಎಂದರು. ಮೇಸ್ತ್ರಿ ಪಕ್ಕದಿಂದ ನುಸುಳಿ ಕಾರಿನೊಳಗೆ ತಲೆ ಹಾಕಿದ.

“ಸಾರ್, ಮೀಟರ್ ಮೇಲೆ ಈ ಕಪ್ಪು ಟೇಪ್ ಯಾಕೆ?”

“ಅದಾ... ಅಲ್ಲೊಂದು ಹಳದಿ ದೀಪ. ಮೂರು ತಿಂಗಳಿಂದ ಉರೀತಾನೇ ಇತ್ತು. ಕಣ್ಣಿಗೆ ಚುಚ್ತಿತ್ತು.”

ಮೇಸ್ತ್ರಿ ಟೇಪು ಕಿತ್ತ. ಕೀಲಿ ತಿರುಗಿಸಿದರೆ, ಎಂಜಿನ್ನಿನಲ್ಲಿ ಏನೋ ಕೆಟ್ಟಿದೆ ಎಂದು ಎಚ್ಚರಿಸುವ ಆ ದೀಪ ಬೆಳಗಿತು. ಸ್ಕ್ಯಾನರ್ ಚುಚ್ಚಿದ, ಕಾರಿನಡಿ ತೂರಿದ, ಅರ್ಧ ಗಂಟೆ ಗುದ್ದಾಡಿ ಹೆಬ್ಬೆರಳು ಗಾತ್ರದ ಮಸಿ ಹಿಡಿದ ವಸ್ತುವೊಂದನ್ನು ತಂದು ನಡುಮನೆಯ ಮೇಜಿನ ಮೇಲಿಟ್ಟ.

“ಆಕ್ಸಿಜನ್ ಸೆನ್ಸರ್. ಸವೆದು ಹೋಗಿದೆ. ಇದು ಹೊಗೆ ಪೈಪಲ್ಲಿ ಕೂತು, ಉರಿದ ಮೇಲೆ ಆಕ್ಸಿಜನ್ ಎಷ್ಟು ಉಳೀತು ಅಂತ ಮೂಸಿ ಕಾರಿನ ಕಂಪ್ಯೂಟರಿಗೆ ಹೇಳ್ಬೇಕು. ಅದನ್ನ ನಂಬಿ ಕಂಪ್ಯೂಟರು ಪೆಟ್ರೋಲ್ ಬಿಡುತ್ತೆ. ಈಗ ಇದರ ಮೂಗು ಸತ್ತೋಗಿದೆ. ನಾಲಿಗೆ ರುಚಿ ಹೋದ ಅಜ್ಜಿ ‘ಉಪ್ಪಿಲ್ಲ, ಉಪ್ಪಿಲ್ಲ’ ಅಂದ ಹಾಗೆ, ಇದು ‘ಪೆಟ್ರೋಲ್ ಸಾಲ್ದು, ಸಾಲ್ದು’ ಅಂತಿದೆ. ಅಡುಗೆಯವಳು ಸುರೀತಾನೇ ಇದ್ದಾಳೆ.”

“ಯಾವ ಅಜ್ಜಿ?” ಎಂದರು ಅತ್ತೆ, ಕಾರಿನ ಸೀಟಿನಲ್ಲಿ ನೆಟ್ಟಗೆ ಕೂತು.

“ಬೇರೆ ಮನೆ ಅಜ್ಜಿ ಅಮ್ಮಾ, ನೀವಲ್ಲ.”

ಸಾಹೇಬರಿಗೆ ಮಾತ್ರ ನಂಬಿಕೆ ಬರಲಿಲ್ಲ. ಇಷ್ಟು ಚಿಕ್ಕದು ಅಷ್ಟು ಪೆಟ್ರೋಲ್ ಕುಡಿಸುವುದುಂಟೇ? ಸೆನ್ಸರನ್ನು ಎತ್ತಿಕೊಂಡು ಹೋಗಿ ತಕ್ಕಡಿಯ ಮೇಲಿಟ್ಟರು. ಮುಳ್ಳು ಅಲುಗಲೇ ಇಲ್ಲ. ಬಗ್ಗಿ ನೋಡಿದರು, ತಕ್ಕಡಿಗೆ ತಟ್ಟಿದರು. ಊಹೂಂ.

“ದೀಪಕ್ಕೆ ಟೇಪ್ ಹಾಕಿ, ನನ್ನ ಬಾಯಿಗೆ ಸೌತೆಕಾಯಿ ತುರುಕಿದ್ರಲ್ಲ!” ಎಂದಳು ಟೈಲರಮ್ಮ.

ಆಗ ಅತ್ತೆ ಬಾಯಿ ಬಿಟ್ಟರು. “ಲೋ ಮಗನೇ, ಹೇಗಿದ್ರೂ ತಕ್ಕಡಿ ಹತ್ರಾನೇ ನಿಂತಿದ್ದೀಯ. ನೀನೂ ಒಂದ್ಸಲ ಹತ್ತು.”

“ತೂಗೋನು ತಕ್ಕಡಿ ಹತ್ತಲ್ಲಮ್ಮ. ಅದು ರೂಲ್ಸು.”

“ಹತ್ತೋ!”

ಎಪ್ಪತ್ತೊಂಬತ್ತು ವರ್ಷದ ತಾಯಿ ಗದರಿದರೆ ಯಾವ ರೂಲ್ಸು ನಿಲ್ಲುತ್ತದೆ? ಸಾಹೇಬರು ಹತ್ತಿದರು. ಮೂವತ್ತೊಂದು ವರ್ಷ ಸಾವಿರಾರು ಲಾರಿ ತೂಗಿದ ಮನುಷ್ಯ ತನ್ನನ್ನು ತಾನು ತೂಗಿಕೊಂಡದ್ದು ಅದೇ ಮೊದಲು. ಟೈಲರಮ್ಮ ಕನ್ನಡಕ ಏರಿಸಿ ಓದಿದಳು.

“ತೊಂಬತ್ತಮೂರು.”

ಮೇಸ್ತ್ರಿ ಗೋಡೆಯ ಕಡೆ ತಿರುಗಿ ಕೆಮ್ಮಿದ. ಸಾಹೇಬರು ಕೆಳಗಿಳಿದು, ಜೇಬಿನಿಂದ ನೋಟ್‌ಬುಕ್ ತೆಗೆದು, ತಮ್ಮ ತೂಕವನ್ನು ತಾವೇ ಬರೆದುಕೊಂಡರು.

“ಬಸ್ಸು ಎಷ್ಟು ಗಂಟೆಗೆ?” ಎಂದು ಮೆಲ್ಲಗೆ ಕೇಳಿದರು.

ಶುಕ್ರವಾರ ಹೊಸ ಸೆನ್ಸರ್ ಬಂತು. ಶನಿವಾರ ಸಾಹೇಬರು ತಾಯಿಯನ್ನು ಎಬ್ಬಿಸಿ, ಸೀಟು ಹೊತ್ತು, ಬೆವರು ಸುರಿಸುತ್ತ ಬೋಲ್ಟು ಬಿಗಿದರು. “ಕೂತು ನೋಡು, ಗಟ್ಟಿ ಇದೆಯಾ” ಎಂದು ಹೆಂಡತಿಯನ್ನು ಕರೆದರು.

“ಕೂರ್ತೀನಿ. ಮೊದಲು ಹೇಳೋದು ಹೇಳಿ.”

ಸಾಹೇಬರು ಸ್ಪ್ಯಾನರನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದರು. “ತಪ್ಪಾಯ್ತು ಕಣೇ. ಕಾರು ಕೆಟ್ಟಿರಬಹುದು ಅಂತ ಒಂದು ಸಲಾನೂ ಅನ್ನಿಸ್ಲಿಲ್ಲ. ನಿನ್ನನ್ನೇ ತೂಗ್ತಾ ಕೂತೆ. ಇಷ್ಟು ವರ್ಷ ಆ ಸೀಟಲ್ಲಿ ನೀನೇ ಕೂತಿದ್ದೆ, ಹದಿನಾರು ಕೊಡ್ತಾನೇ ಇತ್ತು ನಮ್ಮ ಗಾಡಿ.”

ತಿಂಗಳಿಂದ ಈ ಮಾತಿಗೇ ಕಾದಿದ್ದ ಟೈಲರಮ್ಮನಿಗೆ ಕಣ್ಣು ತುಂಬಿತು. “ಬಸ್ಸು ಬೇಡ, ನೀವೇ ಓಡಿಸಿ” ಎಂದು ಮೂಗೊರೆಸಿಕೊಂಡಳು. “ನಂಗೆಲ್ಲಿ ಡ್ರೈವಿಂಗ್ ಬರುತ್ತೆ?”

ಭಾನುವಾರ ಕಾರು ಹೊರಟಿತು. ಹಿಂದೆ ಅತ್ತೆ, ಅವರ ಪಕ್ಕದಲ್ಲಿ ಉಡುಪಿನ ಪೆಟ್ಟಿಗೆ, ಡಿಕ್ಕಿಯಲ್ಲಿ ಸ್ಟೆಪ್ನಿ, ಜಾಕ್, ಛತ್ರಿ. ಅರ್ಧ ದಾರಿಯಲ್ಲಿ ಪೆಟ್ರೋಲ್ ಹಾಕಿಸಿ ಸಾಹೇಬರು ಲೆಕ್ಕ ಹಾಕಿದರು. “ಹದಿನಾರು,” ಎಂದರು, ಯಾರಿಗೂ ಕೇಳಿಸದಂತೆ. ಎಲ್ಲರಿಗೂ ಕೇಳಿಸಿತು.

ಅಷ್ಟರಲ್ಲಿ ತಂಗಿಯ ಫೋನು ಬಂತು. “ಎಲ್ಲಿದ್ದೀಯಾ? ಬರ್ತಿದ್ದೀಯಾ ತಾನೇ ಅಕ್ಕಾ?”

ಟೈಲರಮ್ಮ ಮುಂದಿನ ಸೀಟಿನಲ್ಲಿ ಬೆನ್ನು ಒರಗಿಸಿ, ಕಾಲು ಚಾಚಿ ಕೂತಳು.

“ಬರ್ತಿದ್ದೀನಿ ಕಣೇ ಪುಟ್ಟಿ,” ಎಂದಳು. “ಪೂರ್ತಿ ಎಂಬತ್ತೆರಡೂವರೆ ಕೆಜಿಯೂ ಬರ್ತಿದ್ದೀನಿ.”