ರೇಣುಕಾಪ್ರಸಾದರ ಅರ್ಧ ಗಂಟೆ

ರೇಣುಕಾಪ್ರಸಾದರು ನಮ್ಮ ಬೀದಿಯ ತಿರುವಿನಲ್ಲಿ ಕಾಣಿಸಿಕೊಳ್ಳುವ ಮೊದಲೇ ಅವರ ಬಾಟಲಿಯ ಸದ್ದು ಬಂದು ನನ್ನ ಗೇಟನ್ನು ತಲುಪಿರುತ್ತದೆ. ಪ್ರೋಟೀನ್ ಪುಡಿ ಗಂಟು ಕಟ್ಟದಿರಲೆಂದು ಆ ಕರಿಯ ಶೇಕರಿನೊಳಗೆ ಒಂದು ತಂತಿಯ ಉಂಡೆಯನ್ನು ಹಾಕಿರುತ್ತಾರೆ. ಅದನ್ನು ಗಡಗಡನೆ ಕುಲುಕುತ್ತ, ಎರಡೂ ಕಂಕುಳಲ್ಲಿ ಒಂದೊಂದು ತೆಂಗಿನಕಾಯಿ ಸಿಕ್ಕಿಸಿಕೊಂಡವರಂತೆ ತೋಳುಗಳನ್ನು ಮೈಯಿಂದ ದೂರ ಹಿಡಿದು, ಹೆಜ್ಜೆಗೊಮ್ಮೆ ಗಡಿಯಾರವನ್ನು ದಿಟ್ಟಿಸುತ್ತ ಅವರು ಬರುವ ಆ ವೈಖರಿಯನ್ನು ಕಂಡು ತುಮಕೂರಿನ ನಾಯಿಗಳು ಬೊಗಳುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಜಿಮ್ಮಿನ ಬನಿಯನ್ನಿನಲ್ಲಿ ಬೀದಿಗೆ ಬರಲು ಸಂಕೋಚವಾದ್ದರಿಂದ ಅದರ ಮೇಲೆ ನೌಕರಿಯ ಕಾಲದ ಕಂದು ಕೋಟನ್ನು ತೊಟ್ಟು ಕುತ್ತಿಗೆಯವರೆಗೆ ಗುಂಡಿ ಹಾಕಿರುತ್ತಾರೆ. ಅಳತೆ ಮತ್ತು ತೂಕದ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿದ್ದು, ಗುಬ್ಬಿಯಿಂದ ಕುಣಿಗಲ್ಲಿನವರೆಗೆ ಅಂಗಡಿ ಅಂಗಡಿಯ ತಕ್ಕಡಿಯನ್ನು ಪರೀಕ್ಷಿಸಿ, ನಿವೃತ್ತರಾದ ಮೇಲೆ ಕಬ್ಬಿಣ ಎತ್ತಲು ಹೊರಟ ಮಹಾನುಭಾವರು ಇವರು.

ಇವರು ಜಿಮ್ಮು ಸೇರಿದ ದಿನವೇ ಅಲ್ಲಿನ ತರಬೇತುದಾರ ಅನಂತರಾಜು ಹೇಳಿದ್ದನಂತೆ: "ಅಂಕಲ್, ವರ್ಕೌಟ್ ಮುಗಿದ ಅರ್ಧ ಗಂಟೆ ಒಳಗೆ ಪ್ರೋಟೀನ್ ಹೊಟ್ಟೆಗೆ ಬೀಳ್ಬೇಕು. ಅದು ವಿಂಡೋ. ಆಮೇಲೆ ಮುಚ್ಕೊಂಡ್ಬುಡುತ್ತೆ." ಯಾವ ಮಾತನ್ನಾದರೂ ಅರ್ಧ ಕಿವಿಯಲ್ಲಿ ಕೇಳುವ ಜನರ ನಡುವೆ ರೇಣುಕಾಪ್ರಸಾದರು ಇದನ್ನು ಮಂತ್ರೋಪದೇಶದಂತೆ ಸ್ವೀಕರಿಸಿದರು. ಒಮ್ಮೆ ಹಿಂದಿನ ಬೀದಿಯ ಏಕಾಂತಯ್ಯನವರು ಮದುವೆಯ ಕರೆಯೋಲೆ ಕೊಡಲು ದಾರಿಗೆ ಅಡ್ಡ ನಿಂತಾಗ ಪತ್ರಿಕೆಯನ್ನು ಕಿತ್ತುಕೊಂಡು, "ಬರ್ತೀನಿ, ಖಂಡಿತ ಬರ್ತೀನಿ, ಈಗ ದಾರಿ ಬುಡಿ" ಎಂದು ಓಡಿದರು. ಪತ್ರಿಕೆ ದಾರಿಯಲ್ಲೇ ಬಿದ್ದುಹೋಗಿ, ಯಾರ ಮದುವೆ ಎಂದು ಕೇಳಲು ಸಂಜೆ ಏಕಾಂತಯ್ಯನವರ ಮನೆಗೇ ಹೋಗಬೇಕಾಯಿತು. ಪೇಪರು ಎತ್ತಿಕೊಳ್ಳಲು ಬಾಗುವುದೇ ನನ್ನ ದಿನದ ವ್ಯಾಯಾಮವಾದ್ದರಿಂದ, ಪಕ್ಕದ ಮನೆಯ ಈ ಧಾವಂತ ನನಗೆ ಪುಕ್ಕಟೆ ನಾಟಕವಾಗಿತ್ತು.

ಆದರೆ ಅವರ ಅರ್ಧ ಗಂಟೆಗೆ ಮನೆಯೊಳಗೇ ಒಂದು ದೊಡ್ಡ ಅಡ್ಡಗಾಲು ಇತ್ತು. ಮಿಂದು ಲಿಂಗಪೂಜೆ ಮಾಡದೆ ಆ ಮನೆಯಲ್ಲಿ ಯಾರೂ ಬಾಯಿಗೆ ಏನನ್ನೂ ಹಾಕುವಂತಿಲ್ಲ. ಅದು ಅಮೃತೂರಿನಿಂದ ಬಂದ ಅವರ ತಾಯಿ ಬಸವಲಿಂಗಮ್ಮನವರು ತಮ್ಮ ಮದುವೆಯ ಕಾಲದಿಂದ ನಡೆಸಿಕೊಂಡು ಬಂದ ಕಟ್ಟಳೆ. ಹಾಗಾಗಿ ಮಗ ಜಿಮ್ಮಿನಿಂದ ಓಡಿ ಬಂದು, ತಲೆಯ ಮೇಲೆ ನಾಲ್ಕು ಚೊಂಬು ಸುರಿದುಕೊಂಡು, ವಿಭೂತಿ ಒಣಗುವ ಮೊದಲೇ ಪೂಜೆ ಮುಗಿಸಿ, ಶೇಕರಿನ ಮುಚ್ಚಳ ತೆಗೆಯುತ್ತಿದ್ದರು. ಒಳಗಿನ ಮಂಚದಿಂದ ಎಲ್ಲವನ್ನೂ ನೋಡುತ್ತಿದ್ದ ಬಸವಲಿಂಗಮ್ಮನವರು ಒಂದು ದಿನ ಕೇಳಿಯೇಬಿಟ್ಟರು: "ಏನ್ಲಾ, ಲಿಂಗಪೂಜೆ ಮಾಡ್ತಿದೀಯೋ, ಇಲ್ಲಾ ರೈಲು ಹಿಡೀತಿದೀಯೋ?"

ಮಾತು ನಾಟಿತು. ಪರಿಹಾರಕ್ಕೆಂದು ಮಠದ ಹಿರಿಯರೊಬ್ಬರ ಬಳಿ ಹೋಗಿ, ಪೂಜೆಗೆ ಮುಂಚೆ ಈ ಪುಡಿಯ ನೀರನ್ನು ಕುಡಿಯಬಹುದೇ ಎಂದು ಕೇಳಿದರು. ಹಿರಿಯರು ಬಹಳ ಹೊತ್ತು ಯೋಚಿಸಿ, "ಔಷಧಿಯಾದರೆ ದೋಷವಿಲ್ಲ, ಆಹಾರವಾದರೆ ಆಗದು. ಇದು ಯಾವುದು?" ಎಂದರು. ರೇಣುಕಾಪ್ರಸಾದರು ಅಲ್ಲಿಂದ ನೆಟ್ಟಗೆ ಜಿಮ್ಮಿಗೆ ಬಂದು ಅನಂತರಾಜುವನ್ನು ಕೇಳಿದರೆ ಅವನು, "ಎರಡೂ ಅಲ್ಲ ಅಂಕಲ್, ಇದು ಸಪ್ಲಿಮೆಂಟು" ಎಂದುಬಿಟ್ಟ. ಶಾಸ್ತ್ರದಲ್ಲಿ ಜಾಗವಿಲ್ಲದ ಆ ಪದಾರ್ಥವನ್ನು ಎಲ್ಲಿಡಬೇಕೆಂದು ತಿಳಿಯದೆ ಅವರು ನನ್ನ ಜಗಲಿಯ ಮೇಲೆ ಕುಳಿತು ಒಂದು ಬೆಳಗನ್ನೇ ಕಳೆದರು. ಕಡೆಗೆ ಓಟವೇ ಗತಿಯಾಯಿತು.

ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದು ಬೀದಿಯವರು ನಗುತ್ತಿದ್ದರು. ನನಗೆ ಕಾರಣ ಗೊತ್ತಿತ್ತು. ಹಿಂದಿನ ಮಳೆಗಾಲದಲ್ಲಿ ಬಸವಲಿಂಗಮ್ಮನವರು ಬಚ್ಚಲಿನಲ್ಲಿ ಜಾರಿ ಬಿದ್ದು, ಸೊಂಟದ ಮೂಳೆಗೆ ಶಸ್ತ್ರಚಿಕಿತ್ಸೆಯಾಗಿ ಮಂಚ ಹಿಡಿದಿದ್ದರು. ಅವರನ್ನು ಮೀಯಿಸುವುದು ಸೊಸೆ ಗಿರಿಜಾಂಬ; ಆಕೆ ಗುಬ್ಬಿಯ ಶಾಲೆಯಲ್ಲಿ ಮೇಡಂ, ಕಡ್ಡಿಯಂಥ ಹೆಂಗಸು, ಅತ್ತೆಯನ್ನು ಎತ್ತುವ ಶಕ್ತಿ ಇಲ್ಲ. ವೀಲ್‌ಚೇರು ಆ ಹಳೆಯ ಬಚ್ಚಲ ಬಾಗಿಲಲ್ಲಿ ಹಿಡಿಸುವುದಿಲ್ಲ. ಎತ್ತುವ ಕೆಲಸ ಮಗನದು. ಮೊದಲ ದಿನ ಎತ್ತಿದವರೇ ಸೊಂಟ ಹಿಡಿದುಕೊಂಡು ತಾಯಿಯ ಸಮೇತ ಮಂಚದ ಮೇಲೆ ಕುಸಿದರು. "ರೀ, ಬನ್ರೀ ಬೇಗ!" ಎಂಬ ಗಿರಿಜಾಂಬರ ಕೂಗು ಕೇಳಿ ನಾನು ಓಡಿಹೋದಾಗ ಆಕೆ ಯಾರನ್ನು ಮೊದಲು ಎಬ್ಬಿಸಬೇಕೆಂದು ತಿಳಿಯದೆ ನಿಂತಿದ್ದರು. "ಇನ್ನೊಂದ್ ಸಲ ಅವ್ವನ್ನ ಬೀಳಿಸಿದ್ರೆ ನಾನು ಮನುಷ್ಯನೇ ಅಲ್ಲ" ಎಂದು ರೇಣುಕಾಪ್ರಸಾದರು ಜಿಮ್ಮು ಸೇರಿದ್ದು ಅದರ ಮಾರನೆಯ ವಾರ.

ಕೆಲವು ತಿಂಗಳು ಕಳೆದವು. ಒಂದು ದಿನ ಗೇಟಿನ ಬಳಿ ಬಂದವರ ಮುಖ ಅರಳಿತ್ತು. "ನೋಡಿ ಸ್ವಾಮಿ, ಅವ್ವ ಈಗ ಹೂವಿನಂಗೆ ಎದ್ದು ಬರ್ತಾಳೆ. ಎಲ್ಲಾ ಟೈಮಿಂಗು! ಅರ್ಧ ಗಂಟೆ ತಪ್ಪಿಸ್ಲಿಲ್ಲ ನೋಡಿ, ಅದರ ಫಲ." ತೋಳನ್ನು ಮಡಿಸಿ ನನಗೆ ಮುಟ್ಟಿ ನೋಡಲು ಕೊಟ್ಟರು. ನಾನು ಮುಟ್ಟಿದೆ. ಕೋಟಿನ ಬಟ್ಟೆ ಒಳ್ಳೆಯದಿತ್ತು.

ಆ ಹುಮ್ಮಸ್ಸಿನಲ್ಲೇ ಜಿಮ್ಮಿಗೆ ಹೋಗಿ ಇನ್ನೂ ದೊಡ್ಡ ಡಂಬೆಲ್ ಕೊಡು ಎಂದು ಅನಂತರಾಜುವಿನ ಬೆನ್ನು ಹತ್ತಿದರು. ಕೊಟ್ಟ. ಅದು ನೆಲ ಬಿಟ್ಟು ಏಳಲೇ ಇಲ್ಲ. "ಅಂಕಲ್, ಬೇಜಾರ್ ಮಾಡ್ಕೋಬೇಡಿ. ನೀವು ಸೇರ್ದಾಗ ಎತ್ತುತಿದ್ದಿದ್ನೇ ಇವತ್ತೂ ಎತ್ತಾ ಇರೋದು" ಎಂದ ಅವನು. ಆ ಮಾತು ಕೇಳಿದ ರೇಣುಕಾಪ್ರಸಾದರು ಅವತ್ತು ಪುಡಿಯನ್ನು ಕಲಸಲಿಲ್ಲ. ಶೇಕರಿನ ಸದ್ದಿಲ್ಲದೆ ಬೀದಿಯಲ್ಲಿ ನಡೆದು ಬಂದು, ನನ್ನನ್ನು ಕೈಹಿಡಿದು ಒಳಗೆ ಕರೆದೊಯ್ದು, ಮೂಲೆಯಲ್ಲಿದ್ದ ತೂಕದ ಯಂತ್ರವನ್ನು ಮಂಚದ ಪಕ್ಕಕ್ಕೆ ಎಳೆದರು. ತಾಯಿಯನ್ನು ಎತ್ತಿಕೊಂಡು ಅದರ ಮೇಲೆ ನಿಂತರು. ಕೆಳಗಿನ ಅಂಕಿ ಅವರಿಗೆ ಕಾಣುವುದಿಲ್ಲವಾದ್ದರಿಂದ ಓದುವ ಕೆಲಸ ನನ್ನದಾಯಿತು.

"ನನ್ನೇನು ಕೊಬ್ಬರಿ ಚೀಲ ಅನ್ಕೊಂಡಿದೀಯೇನ್ಲಾ?" ಎಂದರು ಬಸವಲಿಂಗಮ್ಮನವರು ಮಗನ ತೋಳಿನ ಮೇಲಿನಿಂದಲೇ.

ನಾನು ಅಂಕಿಯನ್ನು ಓದಿದೆ. "ಇನ್ನೊಂದ್ ಸಲ ಓದಿ" ಎಂದರು. ಓದಿದೆ. ತಮ್ಮ ತೂಕವನ್ನು ಮನಸ್ಸಿನಲ್ಲೇ ಕಳೆದರು. ತಾಯಿಯನ್ನು ಆಸ್ಪತ್ರೆಯಿಂದ ಕರೆತಂದಾಗಿನ ತೂಕ ಅವರಿಗೆ ಬಾಯಿಪಾಠ. ಹೆಚ್ಚು ಹೊತ್ತು ಹಿಡಿಯಲಿಲ್ಲ. ಮಗನಿಗೆ ಶಕ್ತಿ ಬಂದದ್ದಲ್ಲ, ತಾಯಿ ಕರಗಿದ್ದರು. ತೂಕದಲ್ಲಿ ಒಂದು ಚಿಟಿಕೆ ಮೋಸವಾದರೂ ಕಣ್ಣಳತೆಯಲ್ಲೇ ಹಿಡಿಯುತ್ತಿದ್ದ ಮನುಷ್ಯನಿಗೆ ದಿನವೂ ತನ್ನ ತೋಳಿನಲ್ಲೇ ಆಗುತ್ತಿದ್ದ ನಷ್ಟ ತಿಳಿದಿರಲಿಲ್ಲ.

"ಅವ್ವ, ಊಟ ಮಾಡ್ತಿಲ್ವಾ ನೀನು?"

ಮುದುಕಿ ಮುಖ ತಿರುಗಿಸಿದರು. ಆಮೇಲೆ, ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ಕಂಡಿತೇನೋ, ಮೆಲ್ಲಗೆ ಹೇಳಿದರು: "ಎತ್ತೋನು ನೀನು ತಾನೆ? ಅವತ್ತು ನಿನ್ನ ಸೊಂಟ ಹಿಡ್ಕೊಂಡಿದ್ದು ನೋಡ್ದೆ. ನನ್ನ ಭಾರ ಕಮ್ಮಿ ಆದ್ರೆ ನಿಂಗೇ ಒಳ್ಳೇದಲ್ವೇನಪ್ಪಾ?"

ಗಿರಿಜಾಂಬ ಬಸ್ಸಿಗೆ ಓಡಿದ ಮೇಲೆ, ಪುಡಿ ಕುಡಿದು ಕೃತಾರ್ಥನಾದ ಮಗ ಜಗಲಿಯಲ್ಲಿ ಪೇಪರು ಓದುವಾಗ, ತಟ್ಟೆಯ ಎರಡು ರೊಟ್ಟಿಯಲ್ಲಿ ಒಂದೂವರೆ ಕಿಟಕಿಯ ಆಚೆ ಹಸುವಿಗೆ ಹೋಗುತ್ತಿತ್ತಂತೆ. ನಮ್ಮ ಬೀದಿಯ ಹಸು ಅದೇಕೆ ಅಷ್ಟು ಮೈ ತುಂಬಿಕೊಂಡಿತ್ತೆಂಬುದು ನನಗೂ ಆಗ ತಿಳಿಯಿತು.

ರೇಣುಕಾಪ್ರಸಾದರು ತಾಯಿಯನ್ನು ತೋಳಿನಲ್ಲಿ ಹಿಡಿದುಕೊಂಡೇ ಬಿಕ್ಕಿ ಬಿಕ್ಕಿ ಅತ್ತರು. ಅಳದೆ ಉಳಿದವರು ಬಸವಲಿಂಗಮ್ಮನವರು ಮಾತ್ರ: "ಮೊದ್ಲು ಇಳಿಸ್ಲಾ. ಆಮೇಲೆ ಅಳುವಂತೆ."

ಮಾರನೆಯ ದಿನವೇ ಡಾಕ್ಟರ ಬಳಿ ಓಡಿದರು. ಮುದುಕರಿಗೂ ಪ್ರೋಟೀನು ಬೇಕು, ಮಲಗಿದವರಿಗೆ ಇನ್ನೂ ಬೇಕು, ಕೂತಲ್ಲೇ ಕಾಲೆತ್ತಿ ಇಳಿಸುವ ವ್ಯಾಯಾಮವೂ ಬೇಕು ಎಂದರು ಡಾಕ್ಟರು. ಅಲ್ಲಿಂದ ಜಿಮ್ಮಿಗೆ ಬಂದು, ತಾಯಿಯ ವಿಂಡೋ ಯಾವಾಗ ತೆರೆಯುತ್ತದೆ, ಯಾವಾಗ ಮುಚ್ಚುತ್ತದೆ ಎಂದು ಅನಂತರಾಜುವನ್ನು ಹಿಡಿದು ಕೂರಿಸಿ ಕೇಳಿದರು. ಅವನು ತಲೆ ಕೆರೆದುಕೊಂಡ. "ಅಯ್ಯೋ, ಅಷ್ಟೊಂದ್ ಟೈಮ್ ನೋಡ್ಬೇಡಿ ಅಂಕಲ್. ದಿನಪೂರ್ತಿ ಒಟ್ಟು ಎಷ್ಟು ಹೊಟ್ಟೆಗೆ ಹೋಯ್ತು ಅನ್ನೋದೇ ಮುಖ್ಯ. ಒಂದ್ ಗಂಟೆ ಹಿಂದೆ ಮುಂದೆ ಆದ್ರೆ ಏನೂ ಮುಚ್ಕೊಳಲ್ಲ."

"ಹಂಗಾದ್ರೆ ಇಷ್ಟು ದಿನ ನಾನು ಓಡಿದ್ದು?"

"ಅದು ಕಾರ್ಡಿಯೋ ಅಂಕಲ್, ಹಾರ್ಟಿಗೆ ಒಳ್ಳೇದು."

ಈಗ ಆ ಮನೆಯಲ್ಲಿ ಬೇರೆ ವ್ಯವಸ್ಥೆ. ಮಗ ಜಿಮ್ಮಿನಿಂದ ಬಂದು, ಮಿಂದು, ಪೂಜೆ ಮುಗಿಸಿ, ಬಾಯಿಗೆ ಏನೂ ಹಾಕದೆ ತಾಯಿಗಾಗಿ ಕಾಯುತ್ತಾರೆ. ಬಸವಲಿಂಗಮ್ಮನವರ ಪೂಜೆಗೆ ಅವಸರವೆಂಬುದಿಲ್ಲ. ಅಂಗೈಯ ಲಿಂಗವನ್ನು ನೋಡುತ್ತ ಕುಳಿತರೆ ಬಿಸಿಲು ಕಿಟಕಿಯಿಂದ ಗೋಡೆಗೆ ಏರುತ್ತದೆ, ಎದುರಿಗೆ ಕುಳಿತ ಮಗನ ಹೊಟ್ಟೆ ಗುರುಗುಟ್ಟುತ್ತದೆ, ಆಕೆ ಕಣ್ಣೆತ್ತದೆಯೇ "ಸುಮ್ಕಿರ್ಲಾ" ಎನ್ನುತ್ತಾರೆ. ಪೂಜೆಯಾದ ಮೇಲೆ ಇಬ್ಬರೂ ಎದುರುಬದುರು ಕುಳಿತು ಮೊಳಕೆ ಹೆಸರುಕಾಳಿನ ಉಸಲಿ, ಗಟ್ಟಿ ಮೊಸರು, ರೊಟ್ಟಿ ತಿನ್ನುತ್ತಾರೆ. ತಾಯಿಯ ತಟ್ಟೆ ಖಾಲಿಯಾಗುವವರೆಗೆ ಮಗ ಏಳುವುದಿಲ್ಲ. ಆ ಹೊತ್ತಿಗೆ ಕಿಟಕಿ ಮುಚ್ಚಿರುತ್ತದೆ. ಪಾಪ, ಹಸು ಬೇರೆ ಬೀದಿ ನೋಡಿಕೊಂಡಿದೆ.

ಮೊನ್ನೆ ಸಿಕ್ಕಾಗ ಸೊಂಟದ ಮೇಲೆ ಕೈಯಿಟ್ಟುಕೊಂಡು, ಮಗಳ ಮದುವೆ ಗೊತ್ತಾದವರ ಮುಖ ಹೊತ್ತು ಹೇಳಿದರು: "ಅವ್ವ ಸಿಕ್ಕಾಪಟ್ಟೆ ಭಾರ ಆಗವ್ಳೆ ಕಣ್ರೀ. ಎತ್ತೋಕಾಗ್ತಿಲ್ಲ!"

ಇಂಥವರು ನಮ್ಮ ನಡುವೆ ಬೇಕಾದಷ್ಟಿದ್ದಾರೆ. ಅಕ್ಕರೆಯನ್ನು ಬಾಯಿಬಿಟ್ಟು ಹೇಳಲಾರರು. ಅದಕ್ಕೊಂದು ನಿಯಮ, ಒಂದು ಅಳತೆ, ಒಂದು ಹೊತ್ತು ಗೊತ್ತುಮಾಡಿಕೊಂಡು ಅದರ ಹಿಂದೆ ಬೀದಿಬೀದಿ ಓಡುತ್ತಾರೆ. ನಿಯಮ ತಪ್ಪಿರಬಹುದು, ಅಳತೆ ಸುಳ್ಳಿರಬಹುದು, ನೋಡುವವರಿಗೆ ನಗು ಬರುತ್ತದೆ. ಬರಲಿ, ನಾನೂ ನಕ್ಕಿದ್ದೇನೆ, ನಾಳೆಯೂ ನಗುತ್ತೇನೆ. ಆದರೆ ನನಗೂ ವಯಸ್ಸಾಗುತ್ತಿದೆ, ನಮ್ಮ ಮನೆಯ ಬಚ್ಚಲೂ ಜಾರುತ್ತದೆ. ನಾನು ಬಿದ್ದ ದಿನ ನನ್ನನ್ನು ಎತ್ತಲು ಬರುವವನು ಇಂಥ ಹುಚ್ಚನೇ ಆಗಿರಲಿ ಎಂದು ದೇವರಲ್ಲಿ ಬೇಡುತ್ತೇನೆ.