ಟಿವಿ ಪಕ್ಕದ ಸ್ವಿಚ್ಚು

ಶೋಭಿತಾಗಿದ್ದ ಹೊಟ್ಟೆಕಿಚ್ಚು ಅಂತಿಂಥದ್ದಲ್ಲ. ಆಲೆಮನೆ ಕೊಪ್ಪರಿಗೆ ಮುಂದೆ ಬೆವರು ಸುರಿಸಿ, ಪಾಕದ ಹದ ನೋಡಿ, ಅಚ್ಚಿಗೆ ಬೆಲ್ಲ ಹುಯ್ಯೋಳು ಅವಳು. ಹೆಸರು ಮಾತ್ರ ವಾರಗಿತ್ತಿ ರಮ್ಯಶ್ರೀದು. ಯಾಕಂತೀರಾ? ಬೆಲ್ಲ ಮಾರೋಕೆ ರಮ್ಯ ಒಂದು ವೆಬ್‌ಸೈಟ್ ಮಾಡಿದ್ಲು. ಅದನ್ನ ಬೇರೆಲ್ಲೋ ಬಾಡಿಗೆ ಕೊಟ್ಟು ಇಡೋದ್ಯಾಕೆ ಅಂತ, ತನ್ನ ಹಳೇ ಲ್ಯಾಪ್‌ಟಾಪನ್ನೇ ನಡುಮನೇಲಿ ಟಿವಿ ಪಕ್ಕ ಇಟ್ಟು, ಮನೆ ಇಂಟರ್ನೆಟ್ಟಿಂದಲೇ ನಡೆಸ್ತಿದ್ಲು. ಭಾರತೀನಗರದ ಈ ಮನೆ ಬೆಲ್ಲಕ್ಕೆ ಮಂಡ್ಯದಿಂದ, ಮೈಸೂರಿಂದ ಫೋನು ಬರೋವು. ಅತ್ತೆ ಪಟ್ಟಲಮ್ಮ ಬಂದೋರಿಗೆಲ್ಲ ಕಿರಿಸೊಸೆ ವೆಬ್‌ಸೈಟು ಅಂತ ಆ ಲ್ಯಾಪ್‌ಟಾಪ್ ತೋರಿಸೋಳು. ಹಿರಿಸೊಸೆ ಕೈಯ ಬೊಬ್ಬೆ ಯಾರು ತೋರಿಸ್ತಾರೆ? ಗಂಡ ಶಿವರಾಜು ಒಂದ್ಸಲ ನೋಡೇ ಅಂತ ಮೊಬೈಲ್ ಹಿಡಿದ್ರೆ ಮುಖ ತಿರುಗಿಸ್ಕೊಂಡು ಎದ್ದು ಹೋಗೋಳು.

ಗುಡುಗಿದ್ರೆ ಮನೆ ಸ್ವಿಚ್ಚೆಲ್ಲ ಆರಿಸಬೇಕು, ಅದು ಪಟ್ಟಲಮ್ಮನ ಕಟ್ಟಳೆ. ಲ್ಯಾಪ್‌ಟಾಪೂ ಇಂಟರ್ನೆಟ್ ಡಬ್ಬೀನೂ ನಡೆಯೋ ಟಿವಿ ಪಕ್ಕದ ಒಂದು ಸ್ವಿಚ್ಚಿಗೆ ಮಾತ್ರ ರಮ್ಯ ಅಡ್ಡ ನಿಂತು ಬಿಡಿಸ್ಕೊಳ್ಳೋಳು. ಆ ವಾರ ತವರಿಗೆ ಅಂತ ಮಳವಳ್ಳಿಗೆ ಹೊರಟಾಗಲೂ, ಅದೊಂದನ್ನ ಆಫ್ ಮಾಡಬೇಡಿ ಅಕ್ಕ ಅಂತ ಹೇಳೇ ಹೋದ್ಲು. ಹೇಳದಿದ್ರೆ ಶೋಭಿತಾಗೆ ನೆನಪೂ ಇರ್ತಿರಲಿಲ್ಲವೇನೋ.

ಮಾರನೇ ಸಂಜೆ ಗುಡುಗಿತು. ಅತ್ತೆ ಕೂತಲ್ಲಿಂದಲೇ ಸ್ವಿಚ್ಚು ಅಂದ್ಲು. ಶೋಭಿತಾ ಟಿವಿ ಆರಿಸಿದ್ಲು, ಫ್ರಿಜ್ಜು ಆರಿಸಿದ್ಲು, ಸಾಯ್ಲಿ ಅತ್ಲಾಗೆ ಅಂತ ಅದನ್ನೂ ಆರಿಸಿದ್ಲು. ಹೊಟ್ಟೆ ತಣ್ಣಗಾಯ್ತು. ಬೆಳಿಗ್ಗೆ ಏನೂ ಅರೀದೋಳಂಗೆ ಮತ್ತೆ ಹಾಕಿದ್ಲು. ಟಿವಿ ಆರಿಸಿ ಹಾಕಿದಂಗೇ ತಾನೇ ಅಂದ್ಕೊಂಡಿದ್ಲು.

ಅಲ್ಲವಂತೆ. ಮಧ್ಯಾಹ್ನ ರಮ್ಯ ಫೋನು ಮಾಡಿದ್ಲು. ವೆಬ್‌ಸೈಟು ತೆರೀತಿಲ್ಲ, ಮನೆ ಇಂಟರ್ನೆಟ್ಟು ಆರಿ ಹತ್ತಿದ್ರೆ ಅದರ ನಂಬರೇ ಬದಲಾಗ್ತದೆ, ಹಳೇ ನಂಬರಿಗೆ ಬಂದೋರಿಗೆ ನಮ್ಮ ಬಾಗಿಲು ಸಿಗಲ್ಲ ಅಂದ್ಲು. ಹೊಸ ನಂಬರು ನೋಡೋದು ಹೆಂಗೆ ಅಂತ ಹೇಳ್ಕೊಟ್ಲು. ಶೋಭಿತಾ ಗಂಡನ ಮೊಬೈಲಲ್ಲಿ ನೋಡಿ ಒಂದೊಂದೇ ಅಂಕಿ ಓದಿದ್ಲು. ರಮ್ಯ ಅಲ್ಲಿಂದಲೇ ಸರಿಮಾಡಿ, ಈಗ ಬತ್ತದಾ ನೋಡಿ ಅಂದ್ಲು. ಮುಖ ತಿರುಗಿಸೋಕೆ ದಾರಿ ಇರಲಿಲ್ಲ. ಮೊದಲನೇ ಸಲ ನೋಡಿದ್ಲು.

'ಶೋಭಿತಕ್ಕನ ಅಚ್ಚು ಬೆಲ್ಲ' ಅಂತ ದಪ್ಪಕ್ಷರದಲ್ಲಿತ್ತು. ಕೆಳಗೆ ಕೊಪ್ಪರಿಗೆ ಮುಂದೆ ನಿಂತ ಅವಳದೇ ಫೋಟೋ. ಮೊದಲಿಂದಲೂ ಹಂಗೇ ಇದೆಯಲ್ಲ ಅಂದ ಶಿವರಾಜು.

"ಕರೆಂಟು ಹೋಗಿತ್ತೇನಕ್ಕ?" ಅಂತ ಕೇಳಿದ್ಲು ರಮ್ಯ.

"ಇಲ್ಲ ಕಣಮ್ಮ. ನಾನೇ ಆರಿಸ್ದೆ."

ಗುಡುಗಿತ್ತಲ್ವಾ ಬುಡಿ ಅಂದ್ಲು ರಮ್ಯ. ಶೋಭಿತಾಗೆ ಅದೂ ಚುಚ್ಚಿತು. ಥೂ, ಒಳ್ಳೇತನದಲ್ಲೂ ಇವಳೇ ಒಂದು ಕೈ ಮೇಲು!

ಸಂಜೆ ಮತ್ತೆ ಗುಡುಗಿತು. ಈ ಸಲ ಪಟ್ಟಲಮ್ಮನೇ ಎದ್ದು ಒಂದೊಂದೇ ಸ್ವಿಚ್ಚು ಆರಿಸ್ತಾ ಟಿವಿ ಹತ್ರ ಬಂದ್ಲು. ಶೋಭಿತಾ ಒಲೆ ಮೇಲಿನ ಸಾರು ಬಿಟ್ಟು ಓಡಿ ಬಂದು ಗೋಡೆಗೆ ಬೆನ್ನು ಕೊಟ್ಟು ನಿಂತ್ಲು.

"ಇದೊಂದ ಮುಟ್ಟಬ್ಯಾಡಿ ಅತ್ತೆ. ಇದ್ರಲ್ಲಿ ನನ್ನ ಹೆಸ್ರದೆ."